ಬಾನೆಟ್ಟಿನ ಮೇಲೆ ಮೂರು ಗೀಟು

ಬೆಳಿಗ್ಗೆ ಆರೂಕಾಲು. ಕುಶಾಲನಗರದಿಂದ ಹಾರಂಗಿ ಕಡೆ ಹೋಗುವ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಶಾಂತಪ್ಪ ಬಲಗೈಗೆ ತೆಳುವಾದ ಪ್ಲಾಸ್ಟಿಕ್ ಕವರೊಂದನ್ನು ತೊಟ್ಟು ಬಿಳಿ ಕಾರಿನ ಬಾಗಿಲ ಮೇಲೆ ಅಂಗೈ ಆಡಿಸುತ್ತಿದ್ದಾರೆ. ಕಣ್ಣು ಮುಚ್ಚಿಕೊಂಡಿದ್ದಾರೆ. ಕೈ ಒಂದು ಕಡೆ ನಿಲ್ಲುತ್ತದೆ, ಹಿಂದೆ ಹೋಗುತ್ತದೆ, ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ. ನನ್ನ ಕಣ್ಣಿಗೆ ಆ ಬಾಗಿಲು ಫಳಫಳ ಹೊಳೆಯುತ್ತಿದೆ, ಏನೂ ಕಾಣುತ್ತಿಲ್ಲ.

“ಬರೀ ಕೈಗೆ ಸಿಕ್ಕಲ್ಲ ಮೇಡಮ್ಮೋರೆ. ಕವರ್ ಹಾಕ್ಕೊಂಡ್ರೆ ಒಂದ್ ಮರಳಿನ ಕಾಳೂ ಮಾತಾಡ್ತದೆ” ಎನ್ನುತ್ತಾರೆ. ಮಾತಾಡಿದ ಜಾಗಕ್ಕೆಲ್ಲ ಜೇಡಿಯಂಥ ಮೆತ್ತನೆಯ ಉಂಡೆಯೊಂದನ್ನು ಉಜ್ಜಿ, ಬಣ್ಣಕ್ಕೆ ಕಚ್ಚಿಕೊಂಡ ಕಸವನ್ನು ಎತ್ತುತ್ತಾರೆ. ಇವತ್ತಿಡೀ ಇದೇ ಕೆಲಸ. ಸೆರಾಮಿಕ್ ಕೋಟಿಂಗ್ ಅಂದರೆ ಕಾರಿನ ಬಣ್ಣದ ಮೇಲೆ ಗಾಜಿನಂಥ ತೆಳುವಾದ ಪದರವೊಂದನ್ನು ಹಚ್ಚುವುದು. ಹಚ್ಚುವ ದ್ರವ ಕೆಮ್ಮಿನ ಔಷಧಿಯ ಬಾಟಲಿಗಿಂತ ಚಿಕ್ಕ ಬಾಟಲಿಯಲ್ಲಿ ಬರುತ್ತದೆ. ಅದನ್ನು ಹಚ್ಚುವುದಕ್ಕೆ ಬೇಕಾದದ್ದು ಅರ್ಧ ದಿನ. ಹಚ್ಚುವ ಮೊದಲಿನ ತೊಳೆಯುವುದು, ಉಜ್ಜುವುದು, ಮೆಷಿನ್ ಹಿಡಿಯುವುದು, ಒರೆಸುವುದು ಇವಕ್ಕೆ ಎರಡು ದಿನ.

“ಒಳಗೆ ಏನ್ ಬಿಟ್ಟಿರ್ತೀರೋ ಅದೇ ಮೇಲಕ್ಕೆ ಕಾಣೋದು. ಗೀಟಿನ ಮೇಲೆ ಹಚ್ಚಿದ್ರೆ ಗೀಟೂ ಹೊಳೀತದೆ” ಎನ್ನುತ್ತಾರೆ ಶಾಂತಪ್ಪ.

ನಮ್ಮ ಪತ್ರಿಕೆಯ ಈ ವಾರದ ‘ಎಲೆಮರೆಯ ಕಾಯಿ’ ಅಂಕಣಕ್ಕೆ ಅವರನ್ನು ಆರಿಸಿದ್ದು ನಾನೇ. ನನ್ನ ಕಾರಿಗೂ ನಾಲ್ಕು ವರ್ಷಗಳ ಹಿಂದೆ ಕೋಟಿಂಗ್ ಹಚ್ಚಿದವರು ಇವರೇ. ಮಡಿಕೇರಿಯ ಮಳೆ, ಗೋಣಿಮರದ ಹಕ್ಕಿಗಳ ಹಿಕ್ಕೆ, ತೋಟದ ರಸ್ತೆಯ ಕೆಂಪು ಕೆಸರು ಎಲ್ಲವನ್ನೂ ಆ ಕರೀ ಕಾರು ತಡೆದುಕೊಂಡಿದೆ. ಒಳ್ಳೆಯ ಕೆಲಸಗಾರ, ಮಾತು ಕಮ್ಮಿ, ಫೋಟೋಕ್ಕೆ ಒಳ್ಳೆಯ ಮುಖ. ಎರಡು ಗಂಟೆ ಕೂತರೆ ಲೇಖನ ಮುಗಿಯುತ್ತದೆ ಅಂದುಕೊಂಡು ಬಂದಿದ್ದೆ. ಬಂದ ಕೆಲಸ ಮುಗಿದದ್ದು ಹಾಗಲ್ಲ.

ಶಾಂತಪ್ಪನವರಿಗೆ ಐವತ್ತೊಂದು ವರ್ಷ. ಊರು ಶನಿವಾರಸಂತೆಯ ಹತ್ತಿರ. ಹದಿನೆಂಟು ವರ್ಷ ಗ್ಯಾರೇಜುಗಳಲ್ಲಿ ಪೇಂಟ್ ಹೊಡೆದರು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹೊಡೆದ ಪೇಂಟು ಎದೆಯಲ್ಲಿ ಕೂತು, ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುವ ಹಾಗಾಯಿತು. ಡಾಕ್ಟರು ಪೇಂಟಿನ ವಾಸನೆಯನ್ನೇ ಬಿಡು ಅಂದರು. ಬೇರೆ ಏನೂ ಬರುತ್ತಿರಲಿಲ್ಲ. ಹೊಡೆಯುವುದು ಬಿಟ್ಟು, ಹೊಡೆದದ್ದನ್ನು ಕಾಪಾಡುವ ಕೆಲಸಕ್ಕೆ ಬಂದರು. ಮೈಸೂರಿನಲ್ಲಿ ಎಂಟು ದಿನ ಒಬ್ಬರ ಹಿಂದೆ ನಿಂತು ನೋಡಿ ಕಲಿತದ್ದಷ್ಟೇ. ಹೆಂಡತಿ ಸರ್ವಮಂಗಳ ಆ ಎಂಟೂ ದಿನ ಅಕ್ಕಿರೊಟ್ಟಿ, ಚಟ್ನಿಪುಡಿ ಕಟ್ಟಿ ಬಸ್ಸಿನಲ್ಲಿ ಕಳಿಸಿದರಂತೆ.

ಮಾಲೀಕರು ಅನಿಲ್‌ಕುಮಾರ್. ಶೆಡ್ಡಿನ ಮುಂದೆ ಅವರ ಹೆಸರಿನ ಬೋರ್ಡಿದೆ. ಒಳಗಿನ ಲೆಕ್ಕ ಶಾಂತಪ್ಪನವರ ಮೈಯಲ್ಲಿದೆ. ಎರಡೂವರೆ ಕೆಜಿ ತೂಗುವ ಪಾಲಿಶ್ ಮೆಷಿನ್ ದಿನಕ್ಕೆ ಆರು ಗಂಟೆ ಕೈಯಲ್ಲಿ. ಒಂದು ಕಾರಿಗೆ ನಲವತ್ತು ಬಟ್ಟೆ. ಎರಡಡಿ ಉದ್ದ ಎರಡಡಿ ಅಗಲದ ಜಾಗಕ್ಕೆ ಹಚ್ಚಿ, ಮೇಲೆ ಕಾಮನಬಿಲ್ಲಿನ ಬಣ್ಣ ಮೂಡುವುದನ್ನು ಕಾಯಬೇಕು. ಬೇಸಿಗೆಯಲ್ಲಿ ಅರ್ಧ ನಿಮಿಷ ಸಾಕು. ಮಳೆಗಾಲದಲ್ಲಿ ಎರಡು ನಿಮಿಷವೂ ಹಿಡಿಯುತ್ತದೆ. ಮೊದಲೇ ಒರೆಸಿದರೆ ಹಚ್ಚಿದ್ದು ಎದ್ದು ಬರುತ್ತದೆ, ತಡವಾದರೆ ಗಟ್ಟಿಯಾಗಿ ಕಲೆ ಕೂರುತ್ತದೆ. ಹತ್ತು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಗಾಡಿ ಅವರ ಕೈ ದಾಟಿ ಹೋಗಿವೆ. ಅವರದೇ ಸ್ಕೂಟರು ಹೊರಗೆ ನಿಂತಿದೆ. ಅದರ ಬಣ್ಣ ಯಾವುದೆಂದು ಕೇಳಿದೆ. “ಆರ್‌ಸಿ ಬುಕ್ಕಲ್ಲಿ ನೀಲಿ ಅಂತ ಅದೆ” ಅಂದು ನಕ್ಕರು.

ಬಟ್ಟೆಗಳನ್ನು ಜೋಡಿಸಿಟ್ಟಿದ್ದ ರೀತಿ ನನಗೆ ಬಹಳ ಹಿಡಿಸಿತು. ಹಗ್ಗದ ಮೇಲೆ ಬಣ್ಣಬಣ್ಣದ ಬಟ್ಟೆಗಳು: ನೀಲಿ ಬಾಡಿಗೆ, ಹಳದಿ ಗಾಜಿಗೆ, ಬೂದು ಬಣ್ಣದ್ದು ಚಕ್ರಕ್ಕೆ. ಒಂದು ಬಟ್ಟೆಯಲ್ಲೂ ಅಂಚಿನ ಹೊಲಿಗೆ ಇಲ್ಲ, ಕಂಪನಿಯ ಚೀಟಿ ಇಲ್ಲ. ಎಲ್ಲವನ್ನೂ ಕತ್ತರಿಸಿ ತೆಗೆದಿದ್ದಾರೆ, ಆ ಹೊಲಿಗೆಯೇ ಬಣ್ಣದ ಮೇಲೆ ಕೂದಲೆಳೆ ಗೀಟು ಎಳೆಯುತ್ತದಂತೆ. ಪ್ರತಿ ಬಟ್ಟೆಯನ್ನೂ ಎರಡು ಸಲ ಮಡಚಿ ಎಂಟು ಮುಖ ಮಾಡುತ್ತಾರೆ. ಒಂದು ಮುಖ ಕೊಳೆಯಾದರೆ ಇನ್ನೊಂದು. ನೆಲಕ್ಕೆ ಬಿದ್ದ ಬಟ್ಟೆ ಆ ದಿನಕ್ಕೆ ಸತ್ತಂತೆ, ಮತ್ತೆ ಎತ್ತಿ ಬಳಸುವ ಹಾಗಿಲ್ಲ. ನನ್ನ ಪೆನ್ನು ಭರಭರ ಓಡುತ್ತಿತ್ತು. “ಈ ಶಿಸ್ತು ಎಲ್ಲಿಂದ ಬಂತು ಶಾಂತಪ್ಪನವರೇ?” ಎಂದು ಕೇಳಿದೆ.

ಅವರು ಕವರ್ ಬಿಚ್ಚಿ ಜೇಬಿಗೆ ಹಾಕಿಕೊಂಡರು. “ಅದು ನಂದಲ್ಲ ಮೇಡಮ್ಮೋರೆ. ಮುದ್ದಿದು.”

“ಯಾವ ಮುದ್ದಿ?”

ಈ ಪ್ರಶ್ನೆಯನ್ನು ಇಲ್ಲಿ ಬರೆಯುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ಆದರೆ ಕೇಳಿದ್ದು ನಿಜ.

“ನಾಕ್ ವರ್ಷದ ಹಿಂದೆ, ಆಯುಧಪೂಜೆ ದಿನ. ನೀವು ಬೈದ್ರಲ್ಲ” ಅಂದರು ಶಾಂತಪ್ಪ.

ಆಗ ನೆನಪಾಯಿತು. ನನ್ನ ಜೀವನದ ಮೊದಲ ಹೊಸ ಕಾರದು. ಕೋಟಿಂಗ್ ಮುಗಿದದ್ದು ಹಬ್ಬದ ಹಿಂದಿನ ಸಂಜೆ. ಇಪ್ಪತ್ತನಾಲ್ಕು ಗಂಟೆ ಗಾಡಿಯನ್ನು ಯಾರೂ ಮುಟ್ಟಬಾರದು, ನಾಳೆ ಸಂಜೆ ಬನ್ನಿ ಎಂದಿದ್ದರು. ಹಬ್ಬದ ದಿನ ಕಾರು ನಮ್ಮ ಬಾಗಿಲಲ್ಲಿರಬೇಕು, ಪಕ್ಕದ ಮನೆಯವರು ನೋಡಬೇಕು ಎಂಬ ಹಟಕ್ಕೆ ಬಿದ್ದು ನಾನು ಬೆಳಿಗ್ಗೆ ಹತ್ತಕ್ಕೇ ಹೋದೆ. ಬಾನೆಟ್ಟಿನ ಮೇಲೆ ಮಸುಕಾದ ಮೂರು ಗೀಟು. ಪಕ್ಕದಲ್ಲಿ ಬಟ್ಟೆ ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದರು. ಯಾರು ಒರೆಸಿದ್ದು ಎಂದು ಕೂಗಿದೆ. ಉತ್ತರ ಬರುವ ಮೊದಲೇ ನನ್ನ ಬೆರಳು ಅವರ ಕಡೆ ಹೋಗಿತ್ತು. ಇವಳ ಬಟ್ಟೆಯಲ್ಲಿ ಮರಳಿದೆ, ಇಂಥವರ ಕೈಗೆ ಇಷ್ಟು ಬೆಲೆಯ ಗಾಡಿ ಯಾಕೆ ಕೊಡುತ್ತೀರಿ ಅಂದೆ. ನಮ್ಮ ಪತ್ರಿಕೆಯಲ್ಲಿ ಯಾರ ಬಗ್ಗೆ ಬರೆದರೂ ‘ಅವರು’ ಎಂದೇ ಬರೆಯಬೇಕೆಂಬ ನಿಯಮವಿದೆ. ಆವತ್ತು ನನ್ನ ಬಾಯಲ್ಲಿ ಬಂದದ್ದೆಲ್ಲ ‘ಇವಳು’.

ಅನಿಲ್‌ಕುಮಾರ್ ನನ್ನೆದುರಿಗೇ ಆ ಹೆಂಗಸಿಗೆ, ನಾಳೆಯಿಂದ ಬರಬೇಡ ಅಂದುಬಿಟ್ಟರು. ಹಬ್ಬಕ್ಕೆಂದು ಎಲ್ಲರಿಗೂ ಹಂಚಿದ್ದ ಪುರಿಯ ಪೊಟ್ಟಣ ಆಕೆಯ ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡೇ ಹೊರಟುಹೋದರು. ನನ್ನನ್ನು ಸಮಾಧಾನ ಮಾಡಲು ಅನಿಲ್‌ಕುಮಾರ್ ಒಂದು ವರ್ಷದ ಉಚಿತ ವಾಶ್‌ನ ಕಾರ್ಡು ಕೊಟ್ಟರು. ನಾನು ತೆಗೆದುಕೊಂಡೆ. ಹನ್ನೆರಡು ಸಲ ಬಂದು ತೊಳೆಸಿಕೊಂಡು ಹೋದೆ. ಒಂದು ಸಲವೂ ಆ ಹೆಂಗಸು ಎಲ್ಲಿ ಎಂದು ಕೇಳಲಿಲ್ಲ.

“ಆ ಗೀಟು ಮುದ್ದಿ ಬಟ್ಟೇದಲ್ಲ. ನನ್ ಬೆರಳಿಂದು” ಅಂದರು ಶಾಂತಪ್ಪ.

ಆಯುಧಪೂಜೆಯ ದಿನ ಆರು ಗಂಟೆಗೇ ಸ್ನಾನ ಮಾಡಿ ಶೆಡ್ಡಿಗೆ ಬಂದಿದ್ದರಂತೆ. ಮೆಷಿನ್ನಿಗೆ, ಕಂಪ್ರೆಸರಿಗೆ, ಪಂಪಿಗೆ ಹೂವು ಮುಡಿಸಿ ವಿಭೂತಿ ಇಟ್ಟರು. ಅವರ ಮನೆತನದಲ್ಲಿ ವಿಭೂತಿಯಿಲ್ಲದೆ ಯಾವುದೂ ಶುರುವಾಗುವುದಿಲ್ಲ. ಮುಗಿದ ಗಾಡಿಗೂ ಇಡುತ್ತಾರೆ, ಆದರೆ ಯಾವಾಗಲೂ ಗಾಜಿನ ಮೇಲೆ, ಒಂದು ಮೂಲೆಯಲ್ಲಿ.

“ಮೂರ್ ಬೆರಳಲ್ಲೂ ಹಸೀ ವಿಭೂತಿ ಇತ್ತು. ನಿಮ್ ಗಾಡಿ ಮುಂದೆ ಬಂದ್ ನಿಂತೆ. ಕರೀ ಬಾನೆಟ್ಟು, ಕನ್ನಡಿ ಇದ್ದಂಗಿತ್ತು. ನನ್ ಮುಖ ಕಾಣ್ತಿತ್ತು. ಹಣೆ ಕಂಡ್ರೆ ಕೈ ತಾನಾಗೇ ಹೋಯ್ತದಲ್ಲ, ಹಂಗೆ ಹೋಯ್ತು. ಇಟ್ಟಾದ್ಮೇಲೆ ನೆನಪಾಯ್ತು. ಕೋಟಿಂಗ್ ಹಚ್ಚಿ ಇನ್ನೂ ಹನ್ನೆರಡ್ ಗಂಟೆ. ಒಣಗ್ದಂಗೆ ಕಾಣ್ತದೆ ಕಣ್ರೀ, ಒಣಗಿರಲ್ಲ. ಗಾಬರೀಲಿ ಒರೆಸ್ಬಿಟ್ಟೆ. ಬೂದಿ ಅಲ್ವಾ, ಒರೆಸ್ದಷ್ಟೂ ಒಳಕ್ಕೆ ಕೂತ್ಕೊಂತು.”

“ನಾನು ಕೂಗಾಡುವಾಗ ನೀವು ಅಲ್ಲೇ ಇದ್ದಿರಿ” ಅಂದೆ.

“ಇದ್ದೆ. ಬಾಯಿಗ್ ಬಂತು. ಎದೆ ಕಾಯಿಲೆಯೋನು, ಈ ಕೆಲಸಾನೂ ಹೋದ್ರೆ ಇನ್ನೆಲ್ಲಿ ಅಂತ ನುಂಗ್ಕೊಂಡೆ. ಆಮೇಲೆ ಹೇಳನ ಅಂತಿದ್ದೆ. ಆಮೇಲೆ ಅನ್ನೋದು ನಾಕ್ ವರ್ಷ ಆಯ್ತು. ಸಂತೇಲಿ ಮುದ್ದಿ ಕಂಡ್ರೆ ಈರುಳ್ಳಿ ಮೂಟೆ ಹಿಂದಕ್ಕೆ ಸರ್ಕೊಂತೀನಿ. ನಂಗಿಂತ ಚಿಕ್ಕೋಳು ಅವ್ಳು.”

ಶಾಂತಪ್ಪ ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಮಾಘದ ಇಬ್ಬನಿ ನನ್ನ ಕಾರಿನ ಮೇಲೆ ದಟ್ಟವಾಗಿ ಬಿದ್ದಿತ್ತು. ಬಾನೆಟ್ಟಿನ ತುಂಬ ನೀರು ಮಣಿಮಣಿಯಾಗಿ ನಿಂತಿದೆ, ಮೂರು ಕಡೆ ಬಿಟ್ಟು. ಅಲ್ಲಿ ಮಾತ್ರ ಚಪ್ಪಟೆಯಾಗಿ ಅಂಟಿಕೊಂಡಿದೆ. ಒಂದರ ಕೆಳಗೊಂದು, ಅಡ್ಡಡ್ಡ, ಸಮನಾದ ಅಂತರದಲ್ಲಿ ಮೂರು ಗೀಟು. ಹುಟ್ಟಿದಾಗಿನಿಂದ ಎಷ್ಟೋ ಹಣೆಗಳ ಮೇಲೆ ನೋಡಿದ ಮೂರು ಗೀಟು ಅವು. ಸೊಪ್ಪು ಮಾರುವ ಅಜ್ಜನ ಹಣೆಯ ಮೇಲಿದ್ದರೆ ಹತ್ತು ಮಾರು ದೂರದಿಂದ ಗುರುತಿಸುತ್ತಿದ್ದೆ. ನಾಲ್ಕು ವರ್ಷ ದಿನಾ ಬೆಳಿಗ್ಗೆ ನನ್ನದೇ ಕಾರಿನ ಮೇಲೆ ನೋಡಿ, ಆ ಹೆಂಗಸಿನ ಕೊಳಕು ಬಟ್ಟೆಯ ಗುರುತು ಎಂದು ಮುಖ ಸಿಂಡರಿಸಿದ್ದೇನೆ.

“ಉಜ್ಜೋ ಕಾಂಪೌಂಡ್ ಪೇಸ್ಟ್ ಹಾಕಿ ಮೆಷಿನ್ ಹಿಡಿದ್ರೆ ಅರ್ಧ ದಿನದಲ್ಲಿ ಹೋಯ್ತದೆ. ಯಾವತ್ತೋ ತೆಗೀಬೋದಿತ್ತು. ತೆಗೀತೀನಿ ಅಂದ್ರೆ ಏನದು ಅಂತ ಕೇಳ್ತೀರ ಅಂತ ಹೆದರ್ಕೊಂಡು ಸುಮ್ನಿದ್ದೆ” ಅಂದರು ಶಾಂತಪ್ಪ. ಹೋದ ವಾರ ನಾನು ಫೋನು ಮಾಡಿ ಪೇಪರಿನಲ್ಲಿ ನಿಮ್ಮ ಬಗ್ಗೆ ಬರೆಯುತ್ತೇನೆ ಅಂದಾಗ ಅವರಿಗೆ ಎರಡು ದಿನ ಊಟ ಸೇರಲಿಲ್ಲವಂತೆ. ಅನಿಲ್‌ಕುಮಾರರ ಹತ್ತಿರ ಹೋಗಿ ಎಲ್ಲ ಹೇಳಿದರು. ಅವರು ಮೊಬೈಲಿನಿಂದ ತಲೆ ಎತ್ತದೆ, ಅಯ್ಯೋ ಹಳೇ ವಿಷಯ ಬಿಡು ಮಾರಾಯ ಅಂದರಂತೆ.

“ಅವ್ರಿಗೆ ಹಳೇದು. ಊರಲ್ಲಿರೋ ನಾಕು ಶೆಡ್ಡಲ್ಲೂ ಅವ್ಳಿಗೆ ಗೀಟುಮುದ್ದಿ ಅಂತ ಹೆಸರು. ಕೆಲಸ ಕೇಳ್ಕೊಂಡು ಎಲ್ಲಾ ಕಡೆ ಹೋಗಿದ್ಳು. ಗೀಟುಮುದ್ದಿ ಬಂದ್ಳು ಅಂತ ನಗಾಡಿ ಕಳ್ಸಿದ್ರು. ನೀವು ನನ್ನ ಬಗ್ಗೆ ಬರೆಯೋದಾದ್ರೆ ಇದನ್ನ ಬರೀರಿ. ಇಲ್ಲಾಂದ್ರೆ ಬ್ಯಾಡ.”

ಮುದ್ದಿ ಈಗೆಲ್ಲಿದ್ದಾರೆ ಎಂದು ಕೇಳಿದೆ. ಹೆಬ್ಬಾಲೆ ದಾರಿಯಲ್ಲಿ ಶುಂಠಿ ತೊಳೆಯುವ ಕಡೆ ಎಂದರು. ಇಬ್ಬರೂ ನನ್ನ ಕಾರಿನಲ್ಲೇ ಹೊರಟೆವು. ಶಾಂತಪ್ಪ ಪಕ್ಕದಲ್ಲಿ ಕೂತಿದ್ದರು. ಅವರ ಹಣೆಯಲ್ಲಿ ವಿಭೂತಿ ಇರಲಿಲ್ಲ. ಶೆಡ್ಡಿಗೆ ಬರುವ ಮೊದಲು ಒರೆಸಿಕೊಂಡು ಬರುತ್ತಾರೆಂದು ಆಮೇಲೆ ತಿಳಿಯಿತು. ಆ ಹಬ್ಬದಿಂದೀಚೆಗೆ ಹಾಗೆಯೇ ಅಂತೆ.

ಶುಂಠಿ ಕೀಳುವ ಕಾಲವಾದ್ದರಿಂದ ಅಂಗಳದ ತುಂಬ ಮೂಟೆ. ಕಬ್ಬಿಣದ ಜಾಲರಿಯ ಮೇಲೆ ಮಣ್ಣುಮೆತ್ತಿದ ಶುಂಠಿ ಸುರಿದು, ಪಂಪಿನ ಪೈಪಿನಿಂದ ಜೋರಾಗಿ ನೀರು ಹೊಡೆಯುತ್ತಿದ್ದಾರೆ. ಪೈಪು ಹಿಡಿದವರು ನಲವತ್ತೆಂಟರ ಆಸುಪಾಸಿನ ಹೆಂಗಸು, ಸೊಂಟಕ್ಕೆ ಗೋಣಿಚೀಲ, ಕಾಲಿಗೆ ಗಂಡಸರ ಗಮ್‌ಬೂಟು. ತಿತಿಮತಿ ಕಡೆಯ ಗಿರಿಜನರ ಹಾಡಿಯಿಂದ ಬಂದು ಕುಶಾಲನಗರ ಸೇರಿ ಇಪ್ಪತ್ತು ವರ್ಷವಾಯಿತಂತೆ. ನನ್ನನ್ನು ಗುರುತಿಸುವ ಮೊದಲು ಕಾರನ್ನು ಗುರುತಿಸಿದರು. “ಎಪ್ಪತ್ತೊಂದು. ಆ ಕರೀ ಗಾಡಿ” ಅಂದರು. ನನ್ನ ನಂಬರ್ ಪ್ಲೇಟಿನ ಕೊನೆಯ ಎರಡು ಅಂಕೆ ಅವರಿಗೆ ನೆನಪಿತ್ತು. ನನಗೆ ಅವರ ಹೆಸರೂ ನೆನಪಿರಲಿಲ್ಲ.

ಶಾಂತಪ್ಪ ಕಾರಿನಿಂದ ಇಳಿದವರೇ ನೇರವಾಗಿ ಹೇಳಿದರು. “ಮುದ್ದಿ, ಆವತ್ತು ಆ ಗಾಡಿಗೆ ವಿಭೂತಿ ಇಟ್ಟಿದ್ದು ನಾನು. ಹೇಳ್ಲಿಲ್ಲ. ನಿನ್ ಅನ್ನ ಕಿತ್ಕೊಂಡೆ.”

“ಗೊತ್ತುಂಟು ಶಾಂತಣ್ಣ” ಅಂದರು ಮುದ್ದಿ. ನೀರು ಇನ್ನೂ ಶುಂಠಿಯ ಮೇಲೆ ಬೀಳುತ್ತಲೇ ಇತ್ತು. “ಬಕೆಟ್ ಹಿಡ್ಕೊಂಡು ಬಾಗ್ಲಲ್ಲೇ ಇದ್ದೆ ನಾನು. ಇಟ್ಟದ್ದೂ ನೋಡ್ದೆ, ಒರೆಸಿದ್ದೂ ನೋಡ್ದೆ.”

ನನ್ನ ಕಸುಬಿನ ಬಾಯಿ ಸುಮ್ಮನಿರಬೇಕಲ್ಲ. “ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

ಮುದ್ದಿ ಪಂಪು ನಿಲ್ಲಿಸಿದರು.

“ನನ್ನನ್ನ ಯಾರಮ್ಮ ಕೇಳಿದ್ದು? ಯಾರು ಒರೆಸಿದ್ದು ಅಂತ ನೀವು ಕೇಳಿದ್ದು ಓನರನ್ನ. ನಾನು ಅಲ್ಲೇ ನಿಂತಿದ್ದೆ. ಶಾಂತಣ್ಣ ಹೇಳ್ತಾರೆ ಅಂತ ಕಾದೆ. ಅವ್ರು ನೆಲ ನೋಡಿದ್ರು. ನೀವಾದ್ರೂ ನನ್ನ ಕಡೆ ತಿರುಗಿ ಒಂದು ಮಾತು ಕೇಳ್ತೀರ ಅಂತ ಕಾದೆ. ಪೇಪರಿನವ್ರು ಅಂತ ಹೇಳಿದ್ರು ನಿಮ್ಮನ್ನ.”

ಇಪ್ಪತ್ತೆರಡು ವರ್ಷದಿಂದ ಜನರನ್ನು ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. ಮಂತ್ರಿಗಳನ್ನು ಕೇಳಿದ್ದೇನೆ, ಕಳ್ಳರನ್ನು ಕೇಳಿದ್ದೇನೆ, ಆನೆ ತುಳಿದು ಮಗನನ್ನು ಕಳೆದುಕೊಂಡ ತಾಯಿಯನ್ನೂ ಬಿಡದೆ ಕೇಳಿದ್ದೇನೆ. ಎದುರಿಗೇ ನಿಂತಿದ್ದ ಈ ಹೆಂಗಸನ್ನು ಒಂದು ಮಾತು ಕೇಳಲಿಲ್ಲ. ಕೇಳುವ ಅಗತ್ಯವಿದೆ ಎಂದೇ ಅನ್ನಿಸಿರಲಿಲ್ಲ. ಆ ಅಂಗಳದ ಕೆಸರಿನಲ್ಲಿ ನಿಂತು ತಲೆ ತಗ್ಗಿಸುವುದು ಬಿಟ್ಟು ನನಗೆ ಬೇರೆ ದಾರಿ ಉಳಿದಿರಲಿಲ್ಲ. ತಪ್ಪಾಯಿತು ಅಂದೆ. ಅದು ಎಷ್ಟು ಸಣ್ಣ ಮಾತು ಎಂದು ಹೇಳುವಾಗಲೇ ಗೊತ್ತಾಯಿತು.

ಮುದ್ದಿ ಅದನ್ನು ಎತ್ತಿ ಎದೆಗಪ್ಪಿಕೊಳ್ಳಲಿಲ್ಲ, ಹಾಗಂತ ಎಸೆಯಲೂ ಇಲ್ಲ. “ಹೇಳಿದ್ದು ಒಳ್ಳೇದಾಯ್ತು. ಆದ್ರೆ ಇಲ್ಲಿ ಹೇಳಿದ್ರೆ ಈ ಶುಂಠಿಗೆ ಕೇಳ್ತದೆ. ಶೆಡ್ಡಿನವ್ರಿಗೆ ಕೇಳ್ಬೇಕಲ್ಲ” ಅಂದರು. ಶುಂಠಿಯ ಕೆಲಸ ವರ್ಷಕ್ಕೆ ಮೂರೇ ತಿಂಗಳು. ಉಳಿದಂತೆ ಕಾಫಿ ಕೊಯ್ಲು, ಕಳೆ ಕೀಳುವುದು, ಯಾರು ಕರೆದರೆ ಅಲ್ಲಿಗೆ. ಮತ್ತೆ ಗಾಡಿ ಕೆಲಸಕ್ಕೆ ಹೋಗುವ ಆಸೆ ಇದೆಯೇ ಎಂದು ಕೇಳಿದೆ. ಈ ಸಲ ಅವರ ಕಡೆ ತಿರುಗಿ, ಉತ್ತರಕ್ಕೆ ಕಾದು.

“ಉಂಟು. ಆ ಕೆಲಸ ನಂಗೆ ಚೆನ್ನಾಗಿ ಬರ್ತದೆ” ಅಂದರು. ಎಂಟು ಮುಖದ ಮಡಿಕೆ ಅವರೇ ಕಂಡುಕೊಂಡದ್ದು. ಚೀಟಿ ಕತ್ತರಿಸಿದ್ದೂ ಅವರೇ. ಹೊಸ ಬಟ್ಟೆ ಬಂದ ದಿನವೇ ಮನೆಯ ಕತ್ತರಿ ತಂದು ಎಲ್ಲವನ್ನೂ ಕತ್ತರಿಸಿದ್ದರಂತೆ. ಯಾರೂ ಹೇಳಿಕೊಟ್ಟದ್ದಲ್ಲ. ಮಗಳು ಕೂಸಾಗಿದ್ದಾಗ ಹೊಸ ಅಂಗಿಯ ಚೀಟಿ ತಾಗಿ ಕುತ್ತಿಗೆ ಕೆರೆದು ಕೆಂಪಾಗಿತ್ತಂತೆ. ಗಾಡಿಗೂ ಹಾಗೇ ಆಗುತ್ತದಲ್ಲ ಅನ್ನಿಸಿತಂತೆ.

ಹೇಗೆ ಒರೆಸುತ್ತಿದ್ದಿರಿ, ತೋರಿಸುತ್ತೀರಾ ಎಂದು ಕೇಳಿ ಕಾರಿನ ಡಿಕ್ಕಿಯಿಂದ ಬಟ್ಟೆಯೊಂದನ್ನು ತೆಗೆದುಕೊಟ್ಟೆ. ಮುದ್ದಿ ಕೈ ತೊಳೆದು, ಗೋಣಿಚೀಲಕ್ಕೆ ಒರೆಸದೆ, ಗಾಳಿಗೆ ಹಿಡಿದು ಒಣಗಿಸಿಕೊಂಡರು. ಬಟ್ಟೆಯನ್ನು ಕೊಡವಿ, ಎರಡು ಸಲ ಮಡಚಿ, ಮೊಣಕೈಯ ಒಳಭಾಗದ ಮೆತ್ತನೆಯ ಚರ್ಮದ ಮೇಲೆ ಮೆಲ್ಲಗೆ ಎಳೆದರು. ಇನ್ನೊಂದು ಮುಖ ತಿರುಗಿಸಿ ಮತ್ತೆ ಎಳೆದರು. ಆಮೇಲೆ ನನ್ನ ಕೈಗೆ ವಾಪಸು ಕೊಟ್ಟರು.

“ಇದು ಬೇಡಮ್ಮ. ಇದ್ರಲ್ಲಿ ಮರಳುಂಟು.”

ನಾಲ್ಕು ವರ್ಷದಿಂದ ನಾನು ದಿನಾ ಬೆಳಿಗ್ಗೆ ಕಾರು ಒರೆಸುವ ಬಟ್ಟೆ ಅದು. ಶಾಂತಪ್ಪ ಅತ್ತ ತಿರುಗಿಕೊಂಡರು.

ಮುದ್ದಿ ಬಾನೆಟ್ಟಿನ ಹತ್ತಿರ ಬಂದು ಬಗ್ಗಿ ಆ ಮೂರು ಗೀಟನ್ನು ನೋಡಿದರು. ಕೆಲಸಕ್ಕೆ ಬೇಡವೆಂದು ಕಳಿಸಿದ ಮೇಲೆ ಅವರು ಅದನ್ನು ನೋಡಿದ್ದು ಇದೇ ಮೊದಲು. ಮುಟ್ಟಲಿಲ್ಲ. ನಾಳೆಯೇ ಇದನ್ನು ತೆಗೆದುಬಿಡುತ್ತೇನೆ ಅಂದರು ಶಾಂತಪ್ಪ. ಪೇಪರಿನಲ್ಲಿ ಬರುವ ತನಕ ಇರಲಿ, ಯಾರಾದರೂ ಬಂದು ಕೇಳಿದರೆ ತೋರಿಸಬೇಕಾಗುತ್ತದೆ ಅಂದೆ. ಮುದ್ದಿ ಬೇಡವೆನ್ನಲಿಲ್ಲ.

ಫೋಟೋ ತೆಗೆಯಲೇ ಎಂದು ಕೇಳಿದೆ. ಗಮ್‌ಬೂಟು ಕಾಣಬಾರದು ಅಂದರು. ಏನು ಬರೆಯಲಿ, ಕೆಲಸ ಕೊಡಿ ಎಂದು ಬರೆಯಲೇ ಎಂದು ಕೇಳಿದೆ. ಜಾಲರಿಯ ಮೇಲಿನ ಶುಂಠಿ ಒಣಗುತ್ತಿದೆ, ಬೇಗ ಬಾ ಎಂದು ಆ ಕಡೆಯಿಂದ ಯಾರೋ ಕೂಗಿದರು. ಮುದ್ದಿ ಪಂಪಿನ ಸ್ವಿಚ್ಚಿಗೆ ಕೈ ಇಟ್ಟು, ಗದ್ದದಿಂದಲೇ ನನ್ನ ನೋಟ್‌ಪುಸ್ತಕವನ್ನು ತೋರಿಸಿದರು.

“ಕೊಡೋದು ಬಿಡೋದು ಅವ್ರಿಷ್ಟ. ಆರು ವರ್ಷ ಒರೆಸಿದ್ದೇನೆ, ನನ್ನ ಬಟ್ಟೆಯಿಂದ ಒಂದು ಗಾಡಿಗೂ ಗೀಟು ಬಿದ್ದಿಲ್ಲ. ಅಷ್ಟು ಬರೀರಿ.”